ಇನ್ನೂರು ದಿನಗಳ ನಂಟು

ಅಮೆರಿಕದ ಮಯಾಮಿ ಬಂದರಿನಿಂದ ಹೊರಡುವ ವಿಹಾರ ನೌಕೆಗಳ ಹಳೆಯ ಪ್ರಯಾಣಿಕರಿಗೆ ಕೆಲವು ವರ್ಷಗಳಿಂದ ತಮ್ಮ ಹಡಗು ಕಂಪನಿಗಳ ಮೇಲೆ ಬಹಳ ಸಿಟ್ಟು ಬಂದಿದೆ. ಬಂದರೆ ಬರಲಿ, ಮುಲುಂಡ್‌ನಲ್ಲೋ ಡೊಂಬಿವಲಿಯಲ್ಲೋ ಇದ್ದುಕೊಂಡು ಬೆಳಗಿನ ಲೋಕಲ್‌ನಲ್ಲಿ ನಿಲ್ಲಲು ಜಾಗ ಸಿಕ್ಕರೆ ಸಾಕೆನ್ನುವ ನಮಗೆ ಅದರಿಂದ ಏನಾಗಬೇಕು ಎಂದು ನೀವು ಕೇಳಬಹುದು. ಯುವ ಮಿತ್ರರೇ, ಕೇಳಬೇಕಾದ ಪ್ರಶ್ನೆಯೇ. ಆ ಹಡಗುಗಳಲ್ಲಿ ಹಾಸಿಗೆ ಹಾಸುವವರು, ಊಟ ಬಡಿಸುವವರು, ಅಡುಗೆ ಮನೆಯಲ್ಲಿ ಬೆವರು ಸುರಿಸುವವರು ಎಷ್ಟೋ ಮಂದಿ ಗೋವೆ, ಮಂಗಳೂರು, ಮುಂಬಯಿಗಳಿಂದ ಹೋದವರು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಎಂಬ ನೌಕೆಯನ್ನು ಕೊರೊನಾ ಕಾರಣ ತಡೆದು ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಅದರಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ನೌಕರರು. ಪ್ರಯಾಣಿಕರು ಆರೇ ಆರು! ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ‘ಶಿಪ್ಪಿಗೆ ಹೋದ’ ಹುಡುಗ ನಿಮ್ಮ ಬಳಗದಲ್ಲೂ ಒಬ್ಬನಾದರೂ ಇದ್ದಾನು.

ಎರಡನೆಯ ಕಾರಣ ನಿಮ್ಮ ಕಿಸೆಯಲ್ಲೇ ಇದೆ. ವಿಮಾನದ್ದು, ಹೋಟೆಲಿನದ್ದು, ಬ್ಯಾಂಕಿನದ್ದು, ಬಟ್ಟೆ ಅಂಗಡಿಯದ್ದು ಎಂದು ಅಂಕ ಕೂಡಿಸುವ ಕಾರ್ಡುಗಳು ನಿಮ್ಮಲ್ಲಿ ಎಷ್ಟಿವೆ? ಆ ಅಂಕಗಳನ್ನು ನಂಬಿ ಇಪ್ಪತ್ತು ವರ್ಷ ಒಂದೇ ಕಂಪನಿಗೆ ಅಂಟಿಕೊಂಡವರಿಗೆ ಕೊನೆಗೆ ಏನಾಯಿತು ಎಂಬುದನ್ನು ನೋಡಬೇಕಾದರೆ ಈ ಹಡಗಿನವರ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ತೋರುವುದಿಲ್ಲ.

ಮೊದಲು ಸ್ವಲ್ಪ ಹಿಂದಿನ ಸಂಗತಿ. ಹಡಗು ಪ್ರಯಾಣ ಎಂದರೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದು ಎಂಬ ಕಾಲ ಜೆಟ್ ವಿಮಾನ ಬಂದ ಮೇಲೆ ಮುಗಿಯಿತು. ಉಳಿದ ಹಡಗುಗಳಿಗೆ ಏನು ಕೆಲಸ? ಎಲ್ಲಿಗೂ ಹೋಗದೆ, ನಾಲ್ಕು ದ್ವೀಪ ಸುತ್ತಿ, ಹತ್ತಿದ ಬಂದರಿಗೇ ಮರಳುವ ಪ್ರಯಾಣವನ್ನು ಮಾರುವುದು! ರಾಯಲ್ ಕೆರಿಬಿಯನ್ ಕಂಪನಿಯ ಮೊದಲ ಹಡಗು ‘ಸಾಂಗ್ ಆಫ್ ನಾರ್ವೆ’ 1970ರಲ್ಲಿ ಬಂತು, ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು 700 ಮಂದಿ. 1972ರಲ್ಲಿ ಕಾರ್ನಿವಲ್ ಕಂಪನಿ ‘ಮಾರ್ಡಿ ಗ್ರಾ’ ಎಂಬ ಹಳೆಯ ಹಡಗನ್ನು ಕೊಂಡು, ಪ್ರವಾಸದ ಏಜೆಂಟರನ್ನೇ ನೂರುಗಟ್ಟಲೆ ಹತ್ತಿಸಿಕೊಂಡು ಹೊರಟಿತು. ಮಯಾಮಿ ದಾಟುವಷ್ಟರಲ್ಲೇ ಅದು ಮರಳ ದಿಬ್ಬಕ್ಕೆ ಸಿಕ್ಕಿ ಕುಳಿತುಬಿಟ್ಟಿತು. ಹೀಗೆ ಪ್ರಥಮ ಚುಂಬನದಲ್ಲೇ ದಂತಭಗ್ನವಾದ ಕಂಪನಿ ಮುಂದೆ ಜಗತ್ತಿನಲ್ಲೇ ಅತಿ ದೊಡ್ಡ ವಿಹಾರ ನೌಕಾ ಸಂಸ್ಥೆಯಾಗಿ ಬೆಳೆಯಿತು. 1977ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ‘ದಿ ಲವ್ ಬೋಟ್’ ಧಾರಾವಾಹಿ ಶುರುವಾದ ಮೇಲಂತೂ ಅಲ್ಲಿನ ಮಧ್ಯಮ ವರ್ಗದವರಿಗೆ ಈ ಹುಚ್ಚು ಚೆನ್ನಾಗಿಯೇ ಹಿಡಿಯಿತು.

ಈ ವ್ಯಾಪಾರದಲ್ಲಿ ಒಂದು ತೊಡಕಿದೆ. ಒಮ್ಮೆ ಸುತ್ತಿ ಬಂದವನು ಮತ್ತೆ ಯಾಕೆ ಹೋಗಬೇಕು? ದ್ವೀಪಗಳು ಅವೇ, ಸಮುದ್ರವೂ ಅದೇ. ಮತ್ತೆ ಬರುವಂತೆ ಮಾಡಲು ಕಂಪನಿಗಳು ಕಂಡುಕೊಂಡ ಉಪಾಯ ವಿಮಾನದವರದ್ದೇ. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ‘ಎಅಡ್ವಾಂಟೇಜ್’ ಎಂಬ ಯೋಜನೆ ತೆಗೆದು, ಹಾರಿದ ಮೈಲಿಗಳನ್ನು ಎಣಿಸಿ ಬಹುಮಾನ ಕೊಡುವ ಪದ್ಧತಿಯನ್ನು ನೆಲೆಗೊಳಿಸಿತು. ಹಡಗಿನವರು ಮೈಲಿಯ ಬದಲು ದಿನಗಳನ್ನು, ರಾತ್ರಿಗಳನ್ನು ಎಣಿಸಿದರು. ಕಾರ್ನಿವಲ್‌ನಲ್ಲಿ ಹಡಗಿನ ಮೇಲೆ ಕಳೆದ ದಿನಕ್ಕೊಂದು ಅಂಕ. 25 ಆದರೆ ಚಿನ್ನ, 75 ಆದರೆ ಪ್ಲಾಟಿನಂ, 200 ಆದರೆ ವಜ್ರ. ರಾಯಲ್ ಕೆರಿಬಿಯನ್‌ನಲ್ಲಿ ರಾತ್ರಿಗೊಂದು ಅಂಕ, ದುಬಾರಿ ಸೂಟ್ ಹಿಡಿದವರಿಗೆ ಎರಡು. ಅಲ್ಲಿ 80ಕ್ಕೇ ವಜ್ರ, ಆದರೆ ತುತ್ತತುದಿಯ ‘ಪಿನಕಲ್ ಕ್ಲಬ್’ ಸೇರಲು 700 ಅಂಕ ಬೇಕು.

ಏಳುನೂರು ಎಂದರೆ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಸಾಮಾನ್ಯ ಕೋಣೆಯಲ್ಲಿ ವಾರದ ಪ್ರಯಾಣ ನೂರು ಸಲ. ವರ್ಷಕ್ಕೆ ನಾಲ್ಕು ಸಲ ಹೋದರೂ ಇಪ್ಪತ್ತೈದು ವರ್ಷ. ಬದುಕಿನ ಎರಡು ವರ್ಷಗಳಷ್ಟು ಕಾಲ ಒಂದೇ ಕಂಪನಿಯ ಹಾಸಿಗೆಯಲ್ಲಿ ಮಲಗಿ ಎದ್ದಿರಬೇಕು! ನಿವೃತ್ತರಾದ ಶಿಕ್ಷಕರು, ನರ್ಸುಗಳು, ಸಣ್ಣ ವ್ಯಾಪಾರಸ್ಥರು ಹೀಗೆ ಅಂಕ ಕೂಡಿಸಿದರು. ಪ್ರತಿಫಲವಾಗಿ ಸಿಗುತ್ತಿದ್ದುದಾದರೂ ಏನು? ಹಡಗು ಹತ್ತುವಾಗ ಬೇರೆ ಸಾಲು, ಬಟ್ಟೆ ಒಗೆದು ಮಡಚಿ ಕೊಡುವ ಸೌಲಭ್ಯ, ಸಂಜೆ ಪ್ರತ್ಯೇಕ ಕೋಣೆಯಲ್ಲಿ ಒಂದೆರಡು ಲೋಟ ಪಾನೀಯ, ಕೋಟಿಗೆ ಸಿಕ್ಕಿಸಿಕೊಳ್ಳಲು ಒಂದು ಪಿನ್ನು. ಏಳುನೂರು ಮುಟ್ಟಿದವರಿಗೆ ಒಂದು ಉಚಿತ ಪ್ರಯಾಣವೂ ಉಂಟು. ನಗಬೇಡಿ. ಸಂಘದ ವಾರ್ಷಿಕೋತ್ಸವದಲ್ಲಿ ಮುಂದಿನ ಸಾಲಿನ ಕುರ್ಚಿ ಸಿಗದಿದ್ದರೆ ನಮ್ಮ ಹಿರಿಯರ ಮುಖ ಹೇಗಾಗುತ್ತದೆ ಎಂಬುದು ನಿಮಗೆ ಗೊತ್ತಿದೆ. ಮನುಷ್ಯನಿಗೆ ಬೇಕಾದದ್ದು ಆ ಲೋಟದ ಪಾನೀಯವಲ್ಲ, ‘ಬನ್ನಿ, ನೀವು ನಮ್ಮವರು’ ಎಂಬ ಮಾತು. ಕಂಪನಿಗಳಿಗೆ ಇದು ಚೆನ್ನಾಗಿ ಅರ್ಥವಾಗಿತ್ತು.

ಇತ್ತೀಚೆಗೆ ಆ ಮಾತಿನ ಧಾಟಿ ಬದಲಾಗಿದೆ. ಬೆಳಿಗ್ಗೆ ಸಂಜೆ ಎರಡು ಹೊತ್ತು ಕೋಣೆ ಓರಣ ಮಾಡುತ್ತಿದ್ದುದು ಹಡಗಿನ ವಾಸದ ಒಂದು ಹೆಮ್ಮೆ. ಊಟ ಮುಗಿಸಿ ಬರುವಷ್ಟರಲ್ಲಿ ಹಾಸಿಗೆ ಸರಿಯಾಗಿ, ಟವೆಲನ್ನು ಮಡಚಿ ಮಾಡಿದ ಆನೆಯೋ ಕೋತಿಯೋ ಅದರ ಮೇಲೆ ಕುಳಿತಿರುತ್ತಿತ್ತು. 2023ರಲ್ಲಿ ನಾರ್ವೀಜಿಯನ್ ಮತ್ತು ರಾಯಲ್ ಕೆರಿಬಿಯನ್ ಎರಡೂ ಕಂಪನಿಗಳು ಹೆಚ್ಚಿನ ಕೋಣೆಗಳಿಗೆ ಇದನ್ನು ದಿನಕ್ಕೊಂದೇ ಸಲ ಎಂದು ಇಳಿಸಿದವು. ಕಾರ್ನಿವಲ್‌ನ ಊಟದ ಮನೆಯಲ್ಲಿ ಮೂರನೆಯ ಮುಖ್ಯ ಖಾದ್ಯ ತರಿಸಿಕೊಂಡರೆ 5 ಡಾಲರ್ ಎಂದಾಯಿತು. (ಮೂರು ಮುಖ್ಯ ಖಾದ್ಯ ತಿನ್ನುವವನಿಗೆ ಹಾಗೆಯೇ ಆಗಬೇಕು ಎಂದು ನಮ್ಮ ಮನೆಯಾಕೆಯ ಅಭಿಪ್ರಾಯ. ಆದರೆ ‘ಎಲ್ಲ ಸೇರಿದ ದರ’ ಎಂದು ಹೇಳಿ ಕರೆದವರು ತಟ್ಟೆ ಎಣಿಸಬಾರದು ಎಂದು ನನ್ನ ವಾದ.) ನಡುರಾತ್ರಿಯ ಭರ್ಜರಿ ಭೋಜನದ ಸಾಲು ಎಷ್ಟೋ ಹಡಗುಗಳಲ್ಲಿ ಹಳೆಯ ಫೋಟೋಗಳಲ್ಲಿ ಮಾತ್ರ ಉಳಿದಿದೆ. ದಿನದ ಕಾರ್ಯಕ್ರಮದ ಮುದ್ರಿತ ಹಾಳೆ ಹೋಗಿ ಫೋನಿನೊಳಗೆ ಸೇರಿತು. ಫೋನು ಬಳಸಲು ತಡಕಾಡುವ ಎಪ್ಪತ್ತು ದಾಟಿದವರೇ ಆ ಕಂಪನಿಯ ಹಳೆಯ ಗಿರಾಕಿಗಳು ಎಂಬುದು ಬೇರೆ ಮಾತು.

ಇವೆಲ್ಲ ಸಣ್ಣ ಪುಟ್ಟ ಕೊರತೆಗಳು. ಇದಕ್ಕೇ ಯಾರೂ ದಂಗೆ ಏಳುವುದಿಲ್ಲ. ನಿಜವಾದ ಪೆಟ್ಟು ಬಿದ್ದದ್ದು 2025ರ ಜೂನ್‌ನಲ್ಲಿ. ಮುಂದಿನ ಜೂನ್‌ನಿಂದ ದಿನಗಳ ಲೆಕ್ಕ ಇರುವುದಿಲ್ಲ, ಖರ್ಚು ಮಾಡಿದ ಡಾಲರುಗಳ ಲೆಕ್ಕ ಮಾತ್ರ ಎಂದು ಕಾರ್ನಿವಲ್ ಘೋಷಿಸಿತು. ಅದೂ ಒಮ್ಮೆ ಗಳಿಸಿದರೆ ಮುಗಿಯಲಿಲ್ಲ, ನಿಗದಿಯಾದ ಅವಧಿಯೊಳಗೆ ಮತ್ತೆ ಮತ್ತೆ ಖರ್ಚು ಮಾಡಿ ದರ್ಜೆಯನ್ನು ಉಳಿಸಿಕೊಳ್ಳಬೇಕು. ಹಳೆಯ ವಜ್ರದ ಸದಸ್ಯರಿಗೆ ವಿನಾಯಿತಿ ಇಟ್ಟರಾದರೂ ಸಿಟ್ಟು ಇಳಿಯಲಿಲ್ಲ. 170, 180 ದಿನ ಕೂಡಿಸಿ ಇನ್ನೇನು ವಜ್ರ ಸಿಕ್ಕಿತು ಎಂದು ಬಾಗಿಲವರೆಗೆ ಬಂದವರ ಪಾಡನ್ನು ಯೋಚಿಸಿ ನೋಡಿ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವ ಪ್ರಯಾಣಿಕನ ಗಾದೆ ನಮ್ಮಲ್ಲಿದೆ. ಪ್ರಯಾಣಿಕನನ್ನು ಮರೆಯುವ ಅಂಬಿಗನ ಬಗ್ಗೆ ನಮ್ಮ ಹಿರಿಯರು ಗಾದೆ ಮಾಡಿಟ್ಟಿಲ್ಲ, ಅಂಥದ್ದು ನಡೆದೀತೆಂದು ಅವರಿಗೆ ತೋರಿರಲಿಕ್ಕಿಲ್ಲ.

ಕಂಪನಿಗಳ ಕಡೆಯ ಮಾತನ್ನೂ ಕೇಳಬೇಕು, ಏಕೆಂದರೆ ಅದರಲ್ಲಿ ಸುಳ್ಳಿಲ್ಲ. ದಿನಗಳ ಲೆಕ್ಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹೀಗಾಗಿ ವರ್ಷ ಕಳೆದಂತೆ ವಜ್ರದವರೇ ಹೆಚ್ಚಾದರು. ಕೊರೊನಾದಿಂದಾಗಿ 2020ರ ಮಾರ್ಚ್‌ನಿಂದ ಅಮೆರಿಕದಲ್ಲಿ ಹಡಗುಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಕಟ್ಟಿಹಾಕಿದಂತೆ ನಿಂತಿದ್ದವು. ಮತ್ತೆ ಹೊರಟಾಗ ಜನರನ್ನು ಕರೆತರಲು ರಾಯಲ್ ಕೆರಿಬಿಯನ್ ಅಂಕಗಳನ್ನು ದುಪ್ಪಟ್ಟು ಮಾಡಿ ಹಂಚಿತು. ಪರಿಣಾಮವಾಗಿ ಮೇಲಿನ ದರ್ಜೆಗಳು ಇನ್ನಷ್ಟು ತುಂಬಿದವು. ‘ವಿಶೇಷ’ ಸಾಲು ಸಾಮಾನ್ಯ ಸಾಲಿಗಿಂತ ಉದ್ದವಾಯಿತು, ವಜ್ರದವರ ಸಂಜೆಯ ಕೋಣೆಯಲ್ಲಿ ಕುರ್ಚಿ ಸಿಗದೆ ವಜ್ರದವರೇ ಹೊರಗೆ ನಿಂತರು. ಎಲ್ಲರೂ ಪಲ್ಲಕ್ಕಿಯಲ್ಲಿ ಕುಳಿತರೆ ಹೊರುವವರಾರು?

ಇನ್ನೊಂದು ಕಾರಣವನ್ನು ಕಂಪನಿಗಳು ಬಾಯಿಬಿಟ್ಟು ಹೇಳುವುದಿಲ್ಲ. ಈಗ ಅವರಿಗೆ ಲಾಭ ಬರುವುದು ಟಿಕೆಟ್ಟಿನಿಂದ ಮಾತ್ರವಲ್ಲ. ಪಾನೀಯ, ಕ್ಯಾಸಿನೊ, ಇಂಟರ್‌ನೆಟ್, ವಿಶೇಷ ಊಟದ ಮನೆ, ದ್ವೀಪದ ಮೇಲಿನ ಸುತ್ತಾಟ, ಇವುಗಳಿಂದ ಬರುವುದೂ ಬಹಳ. ಮೊದಲ ಸಲ ಬಂದ ಎಳೆಯ ದಂಪತಿ ಇದಕ್ಕೆಲ್ಲ ಧಾರಾಳವಾಗಿ ಸುರಿಯುತ್ತಾರೆ. ಐವತ್ತು ಸಲ ಬಂದ ಅಜ್ಜ ಅಜ್ಜಿಗೆ ಎಲ್ಲಿ ಏನು ಪುಕ್ಕಟೆ ಎಂಬುದು ಬಾಯಿಪಾಠ. ಅವರು ಅಗ್ಗದ ಕೋಣೆ ಹಿಡಿದು, ವಜ್ರದ ಪಾನೀಯ ಕುಡಿದು, ದ್ವೀಪದಲ್ಲಿ ಇಳಿದು ಕಾಲ್ನಡಿಗೆಯಲ್ಲಿ ಸುತ್ತಿ ಬರುತ್ತಾರೆ! ಅಂದರೆ ಅತ್ಯಂತ ನಿಷ್ಠಾವಂತ ಗಿರಾಕಿಯೇ ಲೆಕ್ಕದ ಪುಸ್ತಕದಲ್ಲಿ ಅತ್ಯಂತ ಕಡಿಮೆ ಲಾಭದ ಗಿರಾಕಿ. 2023ರ ಆರಂಭದಲ್ಲಿ ಕಾರ್ನಿವಲ್‌ನ ಸಾಲ 3,000 ಕೋಟಿ ಡಾಲರ್ ಮೀರಿತ್ತು. ಅಷ್ಟು ಸಾಲ ಹೊತ್ತವನು ಅಜ್ಜ ಅಜ್ಜಿಯ ಮುಖ ನೋಡುತ್ತಾನೆಯೇ, ಪುಸ್ತಕ ನೋಡುತ್ತಾನೆಯೇ? ಮೇಲಾಗಿ ಗಿರಾಕಿಗಳಿಗೆ ಬರಗಾಲವೇನೂ ಇಲ್ಲ. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 2.97 ಕೋಟಿ ಜನ ವಿಹಾರ ನೌಕೆ ಹತ್ತಿದ್ದರೆ, 2024ರಲ್ಲಿ ಆ ಸಂಖ್ಯೆ 3.46 ಕೋಟಿ ಮುಟ್ಟಿತು. 2024ರ ಜನವರಿಯಲ್ಲಿ ಮೊದಲ ಪ್ರಯಾಣ ಹೊರಟ ‘ಐಕಾನ್ ಆಫ್ ದಿ ಸೀಸ್’ ಒಂದರಲ್ಲೇ ಹೆಚ್ಚೆಂದರೆ 7,600 ಪ್ರಯಾಣಿಕರಿಗೆ ಜಾಗವಿದೆ. ಹೊಸಬರು ಸಾಲುಗಟ್ಟಿ ನಿಂತಿರುವಾಗ ಹಳಬರ ಮುನಿಸಿಗೆ ಬೆಲೆಯೆಲ್ಲಿ?

ಆದರೂ ಹಳಬರ ಪರವಾಗಿ ಒಂದು ಮಾತು ಹೇಳಲೇಬೇಕು. ಸೌಲಭ್ಯ ಕಡಿಮೆಯಾದದ್ದು ನನಗೆ ದೊಡ್ಡ ಅನ್ಯಾಯವಾಗಿ ಕಾಣುವುದಿಲ್ಲ. ಅಕ್ಕಿ ಬೇಳೆಯ ಬೆಲೆ ಏರಿದರೆ ನಮ್ಮ ಊಟದ ಮನೆಗಳಲ್ಲೂ ಪಲ್ಯದ ಬಟ್ಟಲು ಕಿರಿದಾಗುತ್ತದೆ. ಅನ್ಯಾಯ ಇರುವುದು ಓಟ ಮುಗಿಯುವ ಹೊತ್ತಿಗೆ ಅಳತೆಗೋಲನ್ನೇ ಬದಲಿಸಿದ್ದರಲ್ಲಿ. ಇಪ್ಪತ್ತು ವರ್ಷ ‘ದಿನ ಕೊಡಿ’ ಎಂದರು. ದಿನ ಕೊಟ್ಟ ಮೇಲೆ ‘ದಿನವಲ್ಲ, ದುಡ್ಡು’ ಎಂದರು. ನಿಯಮಗಳನ್ನು ಯಾವಾಗ ಬೇಕಾದರೂ ಬದಲಿಸುವ ಹಕ್ಕು ಕಂಪನಿಗೆ ಇದೆ ಎಂದು ಇಂಥ ಯೋಜನೆಗಳ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತದೆ. ಕಾನೂನಿನ ಪ್ರಕಾರ ಅವರ ತಪ್ಪಿಲ್ಲ. ಮಾಟುಂಗಾದಲ್ಲಿ 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಊಟದ ಮನೆಗಳಲ್ಲಿ ಮುಂಬಯಿಗೆ ಹೊಸದಾಗಿ ಬಂದ ನಿಮ್ಮ ಅಜ್ಜಂದಿರ ಕಾಲದವರು ವರ್ಷಗಟ್ಟಲೆ ಉಂಡರು. ಅವರ ಬಳಿ ಕಾರ್ಡು ಇರಲಿಲ್ಲ, ವಜ್ರವೂ ಇರಲಿಲ್ಲ. ‘ಇಂದು ನಗದು, ನಾಳೆ ಉದ್ರಿ’ ಎಂದು ಬೋರ್ಡು ಹಾಕಿದ ಹೋಟೆಲುಗಳೂ ನಮ್ಮವೇ. ಆ ಬೋರ್ಡು ಕನಿಷ್ಠ ಪಕ್ಷ ದೊಡ್ಡ ಅಕ್ಷರದಲ್ಲಿರುತ್ತಿತ್ತು!

ಜೋರಾಗಿ ಕೂಗಿದರೆ ಕೆಲವೊಮ್ಮೆ ಕೇಳಿಸುವುದೂ ಉಂಟು. 2023ರ ಸೆಪ್ಟೆಂಬರ್‌ನಲ್ಲಿ ಡೆಲ್ಟಾ ವಿಮಾನ ಕಂಪನಿ ಇದೇ ರೀತಿ ಹಾರಾಟದ ಲೆಕ್ಕ ಬಿಟ್ಟು ಖರ್ಚಿನ ಲೆಕ್ಕ ಹಿಡಿದಾಗ ಎಷ್ಟು ಗಲಾಟೆಯಾಯಿತೆಂದರೆ, ಮರುತಿಂಗಳೇ ಕೆಲವು ನಿಯಮಗಳನ್ನು ಸಡಿಲಿಸಬೇಕಾಯಿತು. ಖರ್ಚಿನ ಲೆಕ್ಕವನ್ನು ಮಾತ್ರ ಅವರು ಬಿಡಲಿಲ್ಲ. ನಮ್ಮ ಕಡೆ ಕಂಪನಿಯೇ ಮುಳುಗಿದ ಉದಾಹರಣೆಗಳಿವೆ. ಬೆಂಗಳೂರಿನ ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ ‘ಕಿಂಗ್ ಕ್ಲಬ್’ ಸದಸ್ಯರ ಅಂಕಗಳು ಗಾಳಿಯಲ್ಲೇ ಉಳಿದವು. ಮುಂಬಯಿಯಿಂದ 2019ರಲ್ಲಿ ಸಂಭ್ರಮದಿಂದ ಹೊರಟ ‘ಕರ್ಣಿಕಾ’ ಎಂಬ ವಿಹಾರ ನೌಕೆ ಮರುವರ್ಷವೇ ಗುಜರಾತಿನ ಅಲಂಗ್‌ನಲ್ಲಿ ಗುಜರಿಗೆ ಬಿತ್ತು. 2021ರ ಸೆಪ್ಟೆಂಬರ್‌ನಿಂದ ಮುಂಬಯಿಯಲ್ಲಿ ಕಾರ್ಡೇಲಿಯಾ ಕಂಪನಿ ಓಡಿಸತೊಡಗಿದ ‘ಎಂಪ್ರೆಸ್’ ಹಡಗು 1990ರಲ್ಲಿ ರಾಯಲ್ ಕೆರಿಬಿಯನ್‌ಗಾಗಿ ಕಟ್ಟಿದ್ದು. ಸಣ್ಣ ಹಡಗೇ ಚೆಂದ ಎನ್ನುವ ಅಲ್ಲಿನ ಹಳಬರಿಗೆ ಅದರ ಮೇಲೆ ಬಲು ಅಕ್ಕರೆ. ಅದರಲ್ಲಿ ನೀವು ಗೋವೆಗೆ ಹೋಗಿ ಬಂದಿದ್ದರೆ, ಅಂಥ ಯಾರದೋ ನೂರಾರು ರಾತ್ರಿಗಳ ನೆನಪಿನ ಮೇಲೆ ಮಲಗಿ ಬಂದಿದ್ದೀರಿ.

ಇನ್ನು ನಾನು ಮೊದಲಿಗೆ ಹೇಳಿದ ನಮ್ಮ ಹುಡುಗರ ಸಂಗತಿ. ಕುಂದಾಪುರದ ಕಡೆಯ ಪರಿಚಿತ ಹುಡುಗನೊಬ್ಬ ಇಂಥದೊಂದು ಹಡಗಿನಲ್ಲಿ ಕೋಣೆ ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಕಂಪನಿಯ ಹೆಸರು ಬೇಡ. ರಜೆಯಲ್ಲಿ ಬಂದಾಗ ನಮ್ಮ ಮನೆಗೆ ಬಂದಿದ್ದ. ಎಂಟು ತಿಂಗಳ ಕರಾರು, ಅಷ್ಟೂ ದಿನ ಪೂರ್ತಿ ರಜೆಯೆಂಬ ಒಂದು ದಿನವೂ ಇಲ್ಲ. 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದದ ಪ್ರಕಾರ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು. ಹಾಗಾದರೆ ಉಳಿದ ಗಂಟೆಗಳಲ್ಲಿ ಎಷ್ಟು ಕೆಲಸ ತೆಗೆಯಬಹುದು ಎಂಬುದನ್ನು ನೀವೇ ಕಳೆದು ನೋಡಿ.

ಎರಡು ಹೊತ್ತಿನ ಶುಚಿತ್ವ ಒಂದು ಹೊತ್ತಾದಾಗ ನಿನಗೆ ಕೆಲಸ ಹಗುರವಾಗಿರಬೇಕಲ್ಲ ಎಂದೆ. ನಕ್ಕ. “ಹೊತ್ತು ಕಡಿಮೆ ಮಾಡಿದ್ರು ಮಾಮಾ, ಕೋಣೆ ಜಾಸ್ತಿ ಕೊಟ್ರು” ಎಂದ. ಮೇಲೆ ಪ್ರಯಾಣಿಕರ ಸಿಟ್ಟು ಬೇರೆ. ‘ಮೊದಲು ಹೀಗಿರಲಿಲ್ಲ’ ಎಂದು ಅವರು ಹೇಳುವುದು ಮಯಾಮಿಯ ಕಚೇರಿಯಲ್ಲಿ ನಿಯಮ ಬರೆದವನಿಗಲ್ಲ, ಬಾಗಿಲಲ್ಲಿ ಟವೆಲು ಹಿಡಿದು ನಿಂತ ಇವನಿಗೆ.

ಅದನ್ನೂ ಸಹಿಸಬಹುದು, ಆದರೆ ಭಕ್ಷೀಸಿನ ವಿಷಯ ಹಾಗಲ್ಲ ಎಂದ. ಈ ಹಡಗುಗಳಲ್ಲಿ ಪ್ರತಿ ಪ್ರಯಾಣಿಕನ ಲೆಕ್ಕಕ್ಕೆ ದಿನಕ್ಕೆ ಇಷ್ಟು ಡಾಲರ್ ಎಂದು ಭಕ್ಷೀಸು ತಾನಾಗಿಯೇ ಸೇರುತ್ತದೆ. ಬೇಡವೆಂದರೆ ಕೌಂಟರಿಗೆ ಹೋಗಿ ತೆಗೆಸಬಹುದು. ಕಂಪನಿಯ ಮೇಲೆ ಮುನಿದ ಕೆಲವರು ಹೀಗೆ ತೆಗೆಸಿ ಪ್ರತಿಭಟನೆ ಮಾಡುತ್ತಾರಂತೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ! ಕಂಪನಿಯ ಪೆಟ್ಟಿಗೆಯಿಂದ ಒಂದು ಸೆಂಟೂ ಹೋಗುವುದಿಲ್ಲ, ಕಡಿಮೆಯಾಗುವುದು ಕುಂದಾಪುರಕ್ಕೆ ಬರುವ ಮನಿಯಾರ್ಡರು. ಪ್ರಯಾಣದ ಕೊನೆಯಲ್ಲಿ ಅಭಿಪ್ರಾಯ ಕೇಳುವ ಪ್ರಶ್ನಾವಳಿಯಲ್ಲೂ ಅಷ್ಟೆ. ಸೌಲಭ್ಯ ಕಡಿತದ ಸಿಟ್ಟಿಗೆ ‘ಕೋಣೆಯ ಸೇವೆ’ ಎಂಬಲ್ಲಿ ಕಡಿಮೆ ಅಂಕ ಹಾಕಿದರೆ ಮುಂದಿನ ಬಡ್ತಿಗೆ ಅಡ್ಡಿಯಾಗುವುದು ಇವನಿಗೆ. ನೀವು ಮುಂದೆ ಯಾವಾಗಲಾದರೂ ಹಡಗು ಹತ್ತಿದರೆ, ಅಥವಾ ಯಾವುದೇ ಹೋಟೆಲಿನಲ್ಲಿ ಉಳಿದರೆ, ದೂರನ್ನು ಕಂಪನಿಯ ಹೆಸರಿಗೆ ಬೇರೆಯಾಗಿ ಬರೆಯಿರಿ. ಚೆನ್ನಾಗಿ ನೋಡಿಕೊಂಡ ನೌಕರನ ಹೆಸರನ್ನು ಪ್ರಶ್ನಾವಳಿಯಲ್ಲಿ ಮರೆಯದೆ ಬರೆಯಿರಿ. ಅದಕ್ಕೆ ಬೆಲೆಯಿದೆ ಎಂದು ಅವನೇ ಹೇಳಿದ. ಮತ್ತು ಅಂಕಗಳಿದ್ದರೆ ಕೂಡಿಡಬೇಡಿ, ಸಿಕ್ಕಿದ ಕೂಡಲೇ ಬಳಸಿ ಮುಗಿಸಿ. ಬ್ಯಾಂಕಿನಲ್ಲಿಟ್ಟ ಹಣದಂತೆ ಅವು ಬೆಳೆಯುವುದಿಲ್ಲ, ಕಂಪನಿ ಮನಸ್ಸು ಬದಲಿಸಿದ ದಿನ ಕರಗುತ್ತವೆ.

ಹುಡುಗನ ಫೋನಿನಲ್ಲಿ ಒಂದು ಸಂದೇಶ ತೋರಿಸಿದ. ಅವನ ಹಡಗಿನಲ್ಲಿ ಮೂರು ಸಲ ಬಂದ ವೃದ್ಧ ದಂಪತಿಯದ್ದು. ಮೇಲಿನ ದರ್ಜೆಯ ಪಿನ್ನು ಧರಿಸುವವರೇ, ಹಡಗಿನಲ್ಲಿದ್ದಾಗ ಕಂಪನಿಯನ್ನು ದಿನವೂ ಬೈಯುತ್ತಿದ್ದರಂತೆ. ಸಂದೇಶದಲ್ಲಿ ಕಂಪನಿಯ ಮಾತೇ ಇರಲಿಲ್ಲ. ತಾಯಿಯ ಮೊಣಕಾಲಿನ ಆಪರೇಷನ್ ಹೇಗಾಯಿತು ಎಂದು ಕೇಳಿದ್ದರು. ರಜೆ ಮುಗಿದ ಮೇಲೆ ಯಾವ ಹಡಗು ಸೇರುತ್ತೀ, ಟಿಕೆಟ್ ಅದಕ್ಕೇ ಮಾಡಿಸಬೇಕು ಎಂದು ಬರೆದಿದ್ದರು. ಏನು ಉತ್ತರ ಬರೆದೆ ಎಂದು ಕೇಳಿದೆ. ಯಾವ ಹಡಗೆಂದು ಕಂಪನಿ ಅವನಿಗೆ ಇನ್ನೂ ತಿಳಿಸಿರಲಿಲ್ಲ.